ಕುರ್ರ್ ಅಂದ ಮೇಲೆ

ನಾನು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ವಿಡಿಯೊ ಕ್ಯಾಮೆರಾ. ಹುಟ್ಟಿದ್ದು ಎಲ್ಲೋ ಸಮುದ್ರದಾಚೆಯ ಕಾರ್ಖಾನೆಯಲ್ಲಿ, ಕಣ್ಣು ಬಿಟ್ಟದ್ದು ಗದಗಿನ ಫೋಟೊ ಸ್ಟುಡಿಯೊದಲ್ಲಿ. ಅಲ್ಲಿ ಮದುವೆಗಳನ್ನು ಹಿಡಿದು ಹಿಡಿದು, ಯಾರನ್ನೂ ಸುಲಭಕ್ಕೆ ನಂಬದ ಸ್ವಭಾವ ಬಂತು. ನನ್ನೆದುರು ಹಲ್ಲು ಕಿಸಿಯುವವರು ನಾನು ಆ ಕಡೆ ತಿರುಗಿದೊಡನೆ ಮುಖ ಗಂಟಿಕ್ಕುವುದನ್ನು ಎಷ್ಟು ನೋಡಿಲ್ಲ! ಸ್ಟುಡಿಯೊಗೆ ಹೊಸ ಕ್ಯಾಮೆರಾ ಬಂದಾಗ ಮಾಲೀಕ ವೀರಭದ್ರ ನನ್ನನ್ನು ಮನೆಗೆ ಒಯ್ದ.

ಆ ಮನೆಯಲ್ಲಿ ಮೊದಲು ಹಿಡಿದದ್ದು ಅವನ ಮಗಳ ತೊಟ್ಟಿಲ ಕಾರ್ಯ. ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಅದು ನಮ್ಮ ಕಡೆಯ ಪದ್ಧತಿ. ವೀರಭದ್ರನ ತಂಗಿ ಶಿವಲೀಲಾ ಹೆಸರು ಹೇಳಿದಳು. ಹೇಳಿದ ಮೇಲೂ ಅವಳ ತುಟಿ ಆಡುತ್ತಿತ್ತು! ಬಾಣಂತಿ ಅನ್ನಪೂರ್ಣಾ ಅದನ್ನು ಕಂಡಳು. ಮಕ್ಕಳಿಲ್ಲದಾಕೆ ನನ್ನ ಕೂಸಿಗೆ ಏನಂದಳೋ ಎಂಬ ಹುಳ ತಲೆ ಹೊಕ್ಕಿತು. ಮರುವಾರ ಕೂಸಿಗೆ ಜ್ವರ ಬಂದದ್ದೇ ನೆಪ, ನಾದಿನಿಗೆ ಬಾಗಿಲು ಮುಚ್ಚಿತು. ವೀರಭದ್ರ ಟೇಪನ್ನು ಟಿವಿಗೆ ಹಚ್ಚಿ ನೋಡಿದರೆ ಗುದ್ದು, ನಗು ಬಿಟ್ಟು ಬೇರೇನೂ ಕೇಳಿಸದು. ನನಗೂ ಆ ಹೆಂಗಸಿನ ಮೇಲೆ ಅನುಮಾನವೇ.

ಹುಡುಗಿ ಶಾಲೆಗೆ ಹೋಗುವ ಹೊತ್ತಿಗೆ ಮನೆಗೆ ಕಂಪ್ಯೂಟರ್ ಬಂತು. ಟೇಪು ಬೂಷ್ಟು ಹಿಡಿಯುವ ಮೊದಲು ಎಲ್ಲವನ್ನೂ ಅದರೊಳಗೆ ಇಳಿಸಬೇಕೆಂದು ವೀರಭದ್ರ ನನಗೊಂದು ಕೇಬಲ್ ಚುಚ್ಚಿದ. ನನ್ನದನ್ನೆಲ್ಲ ಹೀರಿಕೊಂಡು ಬೆಪ್ಪಾಗಿ ಕೂತ ಆ ಡಬ್ಬಿಯನ್ನು ಕಂಡರೆ ನನಗಾಗದು. ತಾಸಿನ ಟೇಪಿಗೆ ತಾಸೇ ಬೇಕು, ಬೇಗ ಓಡಿಸುವಂತಿಲ್ಲ. ತೊಟ್ಟಿಲ ಕಾರ್ಯದ ಟೇಪು ಇಳಿಯುವಾಗ ಹೆಡ್‌ಫೋನ್ ಹಾಕಿ ಅಲ್ಲಾಡದೆ ಕೂತ ಗಂಡನನ್ನು ನೋಡಿ ಅನ್ನಪೂರ್ಣಾಳಿಗೆ ಸಂಶಯ. ಕದ್ದು ತಂಗಿಯ ಮುಖ ನೋಡುತ್ತಿದ್ದಾನೆಂದು ಹೆಡ್‌ಫೋನ್ ಕಸಿದು ತನ್ನ ಕಿವಿಗೆ ಹಾಕಿಕೊಂಡಳು. ಗದ್ದಲದ ಅಡಿಯಿಂದ ಪಿಸುಮಾತು ಕೇಳಿಸಿತು.

“ಕುರ್ರ್... ಸಂಜನಾ. ನಿಮ್ಮವ್ವ ಭಾಳ ದಣದಾಳ. ರಾತ್ರಿ ಅಳಬ್ಯಾಡ, ಆಕೀನ ಮಲಗಗೊಡು.”

ಅನ್ನಪೂರ್ಣಾ ಇನ್ನೊಮ್ಮೆ ಹಾಕಿಸಿ ಕೇಳಿದಳು. ನಾಚಿಕೆಯಿಂದ ಭೂಮಿಗಿಳಿದು ಹೋದಳು. ಆಮೇಲೆ ತಾನೇ ಫೋನು ಹಚ್ಚಿ, ಬಂದು ಹೋಗು ಎಂದಷ್ಟೇ ನಾದಿನಿಗೆ ಹೇಳಿದಳು.

ಈಗ ನಾನು ಅಲಮಾರಿನ ಕೆಳಗಿನ ಖಾನೆಯಲ್ಲಿ ಬಿದ್ದಿದ್ದೇನೆ. ಒಳಗಿನ ಚಕ್ರ ತಿರುಗುವುದಿಲ್ಲ. ಅನುಮಾನದ ಚಾಳಿ ಪೂರ್ತಿ ಹೋಗಿಲ್ಲವಾದರೂ, ಬರೀ ತುಟಿ ನೋಡಿ ಮಾತು ಕಟ್ಟುವುದನ್ನು ಬಿಟ್ಟಿದ್ದೇನೆ. ಅವತ್ತು ಮೇಜಿನ ಮೇಲಿಂದ ಕಂಡದ್ದನ್ನು ಮಾತ್ರ ಮರೆಯಲಾರೆ. ಶಿವಲೀಲಾ ಓಡೋಡಿ ಬಂದಳು. ಕದ ತೆರೆದ ಸಂಜನಾ, ತನಗೆ ಹೆಸರಿಟ್ಟವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

“ಯಾರು ಬೇಕಾಗಿತ್ರಿ?”