ಸಿಡಿಲು ಪಾರ್ಟಿಯ ಹೊಸ ಹಾಡು

ಕುರ್ಚಿಯಲ್ಲಿ ಕೂಡಿಸಿದ ಭಾಗಣ್ಣನ ತಲೆ ಮತ್ತೆ ಎಡಕ್ಕೆ ವಾಲಿತು.

"ಸಂಗಣ್ಣಕಾಕಾ, ಜರಾ ಗಟ್ಟಿ ಹಿಡೀರಿ," ಎಂದ ಹಣಮೇಶ. ಸತ್ತವನ ತಮ್ಮನ ಮಗ ಅವನು. ಹಿಂದೆ ನಿಂತು ಬಿಳಿ ಬಟ್ಟೆಯನ್ನು ಗದ್ದದ ಕೆಳಗಿನಿಂದ ತಂದು ಕುರ್ಚಿಗೆ ಬಿಗಿಯುತ್ತಿದ್ದ.

ಸಂಗಣ್ಣ ಎರಡೂ ಅಂಗೈಗಳಿಂದ ಗೆಳೆಯನ ಕೆನ್ನೆ ಹಿಡಿದ. ಜೀವಮಾನವೆಲ್ಲ ಡ್ರಮ್ ಬಾರಿಸಿದ ಕೈಗಳು ಅವು. ಕೆನ್ನೆಯ ತಂಪು ಮೊಣಕೈವರೆಗೂ ಏರಿದಂತಾಗಿ ಅವನು ಮುಖ ಆಚೆ ತಿರುಗಿಸಿದ. ಆಗಲೇ ಬಾಗಿಲಲ್ಲಿ ಮೌನಮ್ಮ ಕಂಡಳು. ಶಹಾಪುರದ ಬಸ್ಸಿಳಿದು, ರಂಗಂಪೇಟೆಯ ಓಣಿಯನ್ನು ಬಿಸಿಲಲ್ಲೇ ಹತ್ತಿ ಬಂದಿದ್ದಳು. ಒಳಗೆ ಕಾಲಿಡಲಿಲ್ಲ.

"ಬಾ ಮೌನವ್ವ," ಎಂದಳು ಗೋಡೆಗೆ ಒರಗಿ ಕೂತಿದ್ದ ಶೇಖಮ್ಮ. ಭಾಗಣ್ಣನ ಹೆಂಡತಿ ಬೆಳಗಿನಿಂದ ಅತ್ತಿರಲಿಲ್ಲ, ಹೆಣದ ಹತ್ತಿರವೂ ಹೋಗಿರಲಿಲ್ಲ. "ನೀ ದವಾಖಾನ್ಯಾಗ ಇದ್ದಾಕಿ. ನೀನರೆ ಮುಟ್ಟಿ ನೋಡು. ನನಗ ಧೈರ್ಯ ಆಗವಲ್ದು."

ಮೌನಮ್ಮ ಶಹಾಪುರದಲ್ಲಿ ನರ್ಸಾಗಿ ನಿವೃತ್ತಳಾದವಳು. ಎಷ್ಟೋ ಕಣ್ಣು ಮುಚ್ಚಿಸಿದ ಕೈ ಅದು. ಆದರೂ ಒಳಗೆ ಬಂದು ಭಾಗಣ್ಣನ ಹಣೆಯ ಮೇಲಿಟ್ಟ ಬೆರಳನ್ನು ತಟ್ಟನೆ ಹಿಂತೆಗೆದಳು.

ಭಾಗಣ್ಣ, ಸಂಗಣ್ಣ, ಮೌನಮ್ಮ, ಈ ಮೂವರೇ ಒಂದು ಕಾಲಕ್ಕೆ ಸಿಡಿಲು ಪಾರ್ಟಿ ಎಂಬ ಹಾಡಿನ ತಂಡ. ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಭಾಗಣ್ಣ ಹೈದರಾಬಾದಿನಿಂದ ಕರೆಂಟ್ ಗಿಟಾರ್ ತಂದು, ತಾನೇ ಹಾಡು ಕಟ್ಟಿ, ತಾನೇ ಹಾಡಿದ. ಜೊತೆಗೆ ಮೌನಮ್ಮನ ದನಿ, ಸಂಗಣ್ಣನ ಡ್ರಮ್ಮು. ಬಸ್ಸಿನ ಟಾಪಿನ ಮೇಲೆ ಕೂತು ಹುಡುಗಿಯ ಊರಿಗೆ ಹೋಗುವ ಹುಡುಗನ ಹಾಡೊಂದು ಕ್ಯಾಸೆಟ್ಟಾಗಿ, ಯಾದಗಿರಿಯಿಂದ ಕೊಡೇಕಲ್ಲಿನವರೆಗೆ ಅದು ಕೇಳದ ಮದುವೆಯೇ ಇರಲಿಲ್ಲ. ಈಗಲೂ ಇಲ್ಲ.

"ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕಟ್ಟಸೀನಿ," ಎಂದ ಹಣಮೇಶ. "ಮಣ್ಣಿಗೆ ಬಂದ ಮಂದಿ ಎಲ್ಲಾ ಟಾಪಿನ ಹಾಡು ಹಾಕು ಅಂತ ಗಂಟು ಬಿದ್ದಾರ."

"ಹಾಕ್ಕೊಳ್ರಿ," ಎಂದಳು ಶೇಖಮ್ಮ. ಒಮ್ಮೆಲೆ ಅವಳ ದನಿ ಏರಿತು. "ಆದ್ರ ಆ ಹೊಸಾ ಹಾಡು ಬ್ಯಾಡ. ಈ ಮನ್ಯಾಗ ಅದರ ಹೆಸರು ತೆಗೀಬ್ಯಾಡ್ರಿ."

ಸಂಗಣ್ಣ ಮೌನಮ್ಮನ ಕಡೆ ನೋಡಿದ. ಅವಳು ನೆಲ ನೋಡಿದಳು. ಅದನ್ನು ಹಾಡಬೇಕಾಗಿಲ್ಲವೆಂದು ಅವಳ ಜೀವ ಒಳಗೇ ಹಗುರಾಗಿತ್ತು.

*

ಹೋದ ವರ್ಷ ಭಾಗಣ್ಣ ಇಬ್ಬರನ್ನೂ ಅಂಗಡಿಗೆ ಕರೆಸಿದ್ದ. ಬಿಚ್ಚಿಟ್ಟ ಮೋಟಾರು, ತಾಮ್ರದ ತಂತಿಗಳ ನಡುವೆ ಸ್ಟೂಲಿನ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದಲವಿಲ್ಲದೆ ಹಾಡಿದ:

ದೀಪ ಆರಿಸಬ್ಯಾಡ ಗೆಳತಿ, ಇನ್ನೊಂದು ಚೂರು ಇರಲಿ
ಗ್ವಾಡಿ ಮ್ಯಾಲ ನನ್ನ ನೆರಳು ನನಗ ಕಾಣತಿರಲಿ

ಮೌನಮ್ಮನ ಬೆನ್ನು ತಣ್ಣಗಾಯಿತು. ಗಂಡ ತೀರಿಕೊಂಡ ಮೇಲೆ ಅವಳು ಕತ್ತಲಲ್ಲಿ ಮಲಗಿರಲಿಲ್ಲ. ಬಲ್ಬು ಆರಿಸಿದರೆ ಎದೆ ಮೇಲೆ ಯಾರೋ ಕೂತಂತಾಗುತ್ತಿತ್ತು. ಮಗಳು ಸರಿತಾಳಿಗೂ ಹೇಳಿರದ ಮಾತದು. ಇವನಿಗೆ ಯಾರು ಹೇಳಿದರು?

"ಇದು ಬ್ಯಾಡಣ್ಣ," ಎಂದಳು.

"ಯಾಕ?"

"ಮುದುಕರ ಅಂಜಿಕಿ ಯಾರಿಗೆ ಬೇಕಾಗ್ಯಾದ? ಮಂದಿ ಟಾಪಿನ ಹಾಡು ಕೇಳಾಕ ಬರ್ತಾರ. ಅದನ್ನ ಹಾಡೋಣು, ಮನಿಗಿ ಹೋಗೋಣು. ಈ ವಯಸ್ಸಿನ್ಯಾಗ ಹೊಸಾದು ಯಾಕ ಕಟ್ತಿ?"

"ಖರೆ ಅದ," ಎಂದ ಸಂಗಣ್ಣ. "ಇದ್ದ ಹೆಸರರೆ ಉಳೀಲಿ."

ಭಾಗಣ್ಣ ತಂತಿಗಳ ಮೇಲೆ ಕೈಯಿಟ್ಟು ಸದ್ದು ನಿಲ್ಲಿಸಿದ. "ಟಾಪ್ ಮ್ಯಾಲ ಕುಂತಾವ ಹರೇದ ಹುಡುಗ. ಅವ ಎಲ್ಲಿ ಅದಾನ ತೋರ್ಸು ನನಗ. ನಾ ಈಗ ಬಸ್ಸಿನ ಮೆಟ್ಟಲಾ ಏರಾಕ ಕಂಬಿ ಹಿಡೀತೀನಿ. ಆ ಹಾಡು ಹಾಡುವಾಗೆಲ್ಲಾ ಸತ್ತವನ ಅಂಗಿ ತೊಟ್ಟಂಗ ಆಗ್ತದವ್ವ."

ಅವನ ಮಾತಿಗೆ ಕಟ್ಟುಬಿದ್ದು, ತಾಲೀಮೂ ಇಲ್ಲದೆ, ಶಹಾಪುರದ ಕಾರ್ಯಕ್ರಮದಲ್ಲಿ ಹೊಸ ಹಾಡು ಎತ್ತಿಕೊಂಡರು. ಎರಡನೇ ಸಾಲು ಮುಗಿಯುವ ಮೊದಲೇ ಹಿಂದಿನಿಂದ ಯಾರೋ ಕೂಗಿದರು. "ಏ ಮುತ್ಯಾ, ಮಲಗೋ ಹೊತ್ತಾತೇನು? ಟಾಪ್ ಹಾಕೋ!" ಮೈದಾನವೆಲ್ಲ ನಕ್ಕಿತು. ನೀರಿನ ಪಾಕೀಟೊಂದು ಬಂದು ಡ್ರಮ್ಮಿಗೆ ಬಡಿದು ಒಡೆಯಿತು. ಇನ್ನೇನು ಕಲ್ಲು ಬೀಳುತ್ತದೆ ಎಂದು ಮೌನಮ್ಮನಿಗೆ ಖಾತ್ರಿಯಾಯಿತು. ಅವಳು ಸಂಗಣ್ಣನಿಗೆ ಕೈ ಮಾಡಿ, ಭಾಗಣ್ಣ ಬಾಯಿ ತೆರೆದಿರುವಾಗಲೇ, ಟಾಪಿನ ಹಾಡು ಶುರುಮಾಡಿಬಿಟ್ಟಳು. ಮಂದಿ ಎದ್ದು ಕುಣಿದರು. ಭಾಗಣ್ಣನೂ ನುಡಿಸಿದ, ಒಂದು ಪೆಟ್ಟೂ ತಪ್ಪಲಿಲ್ಲ.

ಆಮೇಲೆ ಅವನು ಯಾರನ್ನೂ ಅಂಗಡಿಗೆ ಕರೆಯಲಿಲ್ಲ.

*

ಟ್ರ್ಯಾಕ್ಟರು ಓಣಿ ದಾಟಿ ದೊಡ್ಡ ರಸ್ತೆಗೆ ಬಂತು. ಟ್ರೇಲರಿನ ನಡುವೆ ಹೂವಿನ ಹಾರಗಳಲ್ಲಿ ಭಾಗಣ್ಣ, ಅವನ ಪಕ್ಕದಲ್ಲಿ ಶೇಖಮ್ಮ ಮತ್ತು ಮೌನಮ್ಮ, ಹಿಂದೆ ಸಂಗಣ್ಣ. ಮುಂದೆ ಹರೆಯದ ಹುಡುಗರ ಗುಂಪು. ಹಣಮೇಶ ಬಾಕ್ಸಿನ ಗುಂಡಿ ಒತ್ತಿದ.

"ಏ ಕಂಡಕ್ಟರಾ, ರೈಟ್ ಅನ್ನೋ!"

ಭಾಗಣ್ಣನ ದನಿ. ಹರೆಯದ್ದು. ನಗುತ್ತ, ಸೊಕ್ಕಿನಿಂದ, ಹೆಣದ ಬೆನ್ನ ಹಿಂದಿನಿಂದಲೇ ಹೊರಟಿತು. ಡ್ರಮ್ಮಿನ ಸದ್ದಿಗೆ ಟ್ರೇಲರಿನ ತಗಡು ಅದುರಿತು. ತಗಡಿನ ಜೊತೆ ಕುರ್ಚಿ ಅದುರಿತು. ಬಟ್ಟೆಯಲ್ಲಿ ಬಿಗಿದ ಭಾಗಣ್ಣನ ತಲೆ ತಾಳಕ್ಕೆ ಸರಿಯಾಗಿ ಮೆಲ್ಲಗೆ ಆಡತೊಡಗಿತು.

ಹುಡುಗರು ಕೇಕೆ ಹಾಕಿದರು. ಮಾಳಿಗೆಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ಚೀರಿ, ಕೂಸಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಸಂಗಣ್ಣ ಕಣ್ಣು ಮುಚ್ಚಿಕೊಂಡ. ಆ ಡ್ರಮ್ಮು ಬಾರಿಸುತ್ತಿದ್ದವನು ತಾನೇ ಎಂಬುದು ಅವನನ್ನು ಇನ್ನಷ್ಟು ಹೆದರಿಸಿತು.

ಶೇಖಮ್ಮ ಮೌನಮ್ಮನ ತೋಳನ್ನು ಉಗುರು ನೆಡುವಷ್ಟು ಗಟ್ಟಿಯಾಗಿ ಹಿಡಿದಳು. "ಬಂದ್ ಮಾಡಸು! ಯಾರವ ಒದರಾಕತ್ತಾನ? ನನ್ನ ಗಂಡ ಅಲ್ಲ ಅವ. ಬಂದ್ ಮಾಡಸು ಮೌನವ್ವ!"

"ಹಣಮೇಶ, ನಿಲ್ಸಪಾ," ಎಂದಳು ಮೌನಮ್ಮ.

"ಮಂದಿ ಸಿಟ್ಟಾಗ್ತಾರ, ಚಿಗವ್ವ! ಹ್ಯಾಂಗ ಕುಣ್ಯಾಕತ್ತಾರ ನೋಡು!"

ಸಂಗಣ್ಣ ತಡಕಾಡಿ ಹಿಡಿದು ವೈರನ್ನೇ ಕಿತ್ತುಬಿಟ್ಟ.

ಸದ್ದು ನಿಂತಿತು. ಎತ್ತಿದ ಕೈಗಳನ್ನು ಇಳಿಸಲು ತಿಳಿಯದೆ ಹುಡುಗರು ಹಿಂತಿರುಗಿ ನೋಡಿದರು. ಟ್ರ್ಯಾಕ್ಟರಿನ ಗುಡುಗುಡು ಒಂದೇ ಉಳಿಯಿತು. ಶೇಖಮ್ಮ ಮೌನಮ್ಮನ ಕಿವಿಗೆ ಬಾಯಿ ತಂದಳು.

"ಆರು ತಿಂಗಳಾತು, ರಾತ್ರಿ ಬಲ್ಬ್ ಆರಿಸಾಕ ಬಿಡ್ತಿರಲಿಲ್ಲ. ಆ ಹೊಸಾದು ಹಾಡ್ಕೋತ ಕುಂದರ್ತಿದ್ದ. ನನಗ ನಿದ್ದಿ ಇಲ್ಲ. ಬೈತಿದ್ದೆ. ನಿನ್ನಿ..." ಅವಳು ಕುರ್ಚಿಯಿಂದ ಮುಖ ತಿರುಗಿಸಿದಳು. "ನಿನ್ನಿ ನಾ ಎದ್ದು ಆರಿಸಿಬಿಟ್ಟೆ. ಇರಲಿ ಬಿಡ ಶೇಖಿ ಅಂದ. ನಾ ಕೇಳಲಿಲ್ಲ. ಬೆಳಗಾಗೂದ್ರಾಗ ಹಿಂಗಾಗಿದ್ದ."

"ಎದಿ ನಿಂತದ, ವೈನಿ. ದೀಪ ಇದ್ದಿದ್ರೂ ನಿಲ್ತಿತ್ತು. ದವಾಖಾನ್ಯಾಗ ಕಂಡೀನಿ ನಾ."

"ಅವನ ಅಂಜಿಕಿ ನಿನಗೇನು ಗೊತ್ತು?"

ಮೌನಮ್ಮ ಎದುರಿಗೆ ನೆರೆದ ಮಂದಿಯನ್ನು ನೋಡಿದಳು. ಶಹಾಪುರದ ಮೈದಾನದಲ್ಲಿ ನಕ್ಕವರೇ ಇವರಲ್ಲೂ ಇದ್ದಿರಬಹುದು.

"ಗೊತ್ತದ," ಎಂದಳು. "ನಾನೂ ದೀಪ ಹಚ್ಚಿಟ್ಟೇ ಮಲಗ್ತೀನಿ. ಅದಕ್ಕೇ ಆ ಹಾಡು ಬ್ಯಾಡ ಅಂದಿದ್ದೆ ಅವನಿಗಿ."

ಶೇಖಮ್ಮ ಅವಳ ಮುಖವನ್ನೇ ನೋಡುತ್ತ ಕೂತಳು. ತೋಳಿನ ಹಿಡಿತ ಸಡಿಲವಾಯಿತು. "ಹಂಗಾದ್ರ ಹಾಡು," ಎಂದಳು. "ಆ ಟಾಪಿನವನ ಜೋಡಿ ಕಳಿಸಬ್ಯಾಡ ಅವನ್ನ."

ಮೌನಮ್ಮ ಶುರುಮಾಡಿದಳು. ಮೊದಲ ಸಾಲು ಮುಂದಿನ ನಾಲ್ಕು ಮಂದಿಗೂ ಕೇಳಿಸಲಿಲ್ಲ. "ಏನ್ ಹಾಡಾಕತ್ತಾಳ?" ಎಂದು ಯಾರೋ ಗೊಣಗಿದರು. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಎತ್ತಿಕೊಂಡಳು. ದೀಪ ಆರಿಸಬ್ಯಾಡ ಗೆಳತಿ. ಹಿಂದಿನಿಂದ ಸಂಗಣ್ಣನ ಅಂಗೈ ಟ್ರೇಲರಿನ ತಗಡಿನ ಮೇಲೆ ಬಿದ್ದಿತು. ಮೆತ್ತಗೆ, ಆಮೇಲೆ ಬರೋಬ್ಬರಿ. ಯಾರೂ ನಗಲಿಲ್ಲ. ಹಣಮೇಶ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಎರಡು ಸಾಲು ಮುಗಿದವು. ಮೌನಮ್ಮ ನಿಂತಳು. ಮುಂದಿನದು ಅವಳಿಗೆ ಬರುತ್ತಿರಲಿಲ್ಲ. ಅವನು ಮುಂದೆ ಹಾಡಲು ಅವಳು ಬಿಟ್ಟಿರಲಿಲ್ಲ. ಹಿಂತಿರುಗಿ ಸಂಗಣ್ಣನನ್ನು ನೋಡಿದಳು. ಅವನು ತಲೆಯಾಡಿಸಿದ. ಅವನಿಗೂ ಗೊತ್ತಿಲ್ಲ. ಅಂಗೈ ಮಾತ್ರ ನಿಲ್ಲಲಿಲ್ಲ.

ಆಗ ಶೇಖಮ್ಮ ಕೈ ಚಾಚಿ, ಬೆಳಗಿನಿಂದ ಮುಟ್ಟದ ಗಂಡನ ಮೊಣಕಾಲಿನ ಮೇಲೆ ಇಟ್ಟಳು. ಮಂದಿಯೆದುರು ಒಂದು ದಿನವೂ ಹಾಡಿದವಳಲ್ಲ. ಒಡೆದ ದನಿ, ರಾಗವೆಂಬುದಿಲ್ಲ.

ಬಾಗಲದಾಗ ಯಾರೋ ನನ್ನ ಹೆಸರು ಕರೆದಂಗಾತು
ಕೈ ಹಿಡದು ಹೇಳ ಗೆಳತಿ, ಬರೇ ಗಾಳಿ ಅಂತ

ಟ್ರ್ಯಾಕ್ಟರು ನಿಧಾನಕ್ಕೆ ಇಳಿಜಾರು ಇಳಿಯಿತು. ಮೌನಮ್ಮ ಶೇಖಮ್ಮನ ತುಟಿಗಳನ್ನೇ ನೋಡುತ್ತ, ಒಂದೊಂದು ಶಬ್ದ ಹಿಂದೆ ಬೀಳುತ್ತ, ಆ ಸಾಲುಗಳನ್ನು ಅವಳಿಂದ ಕಲಿತು ಹಾಡತೊಡಗಿದಳು.