ಈರಕ್ಕನ ತವರಿನ ಹೆಸರು

ಮಳಗಿ ಹತ್ತಿರದ ಒಂದು ಹಳ್ಳಿಯಲ್ಲಿ ಈರಕ್ಕ ಎಂಬ ಸೊಸೆಯಿದ್ದಳು. ಏಳನೆಯ ಇಯತ್ತೆ ಪಾಸಾದವಳು. ಬ್ಲಾಕ್ ಆಫೀಸಿನವರು ಊರಲ್ಲಿ ಬಾಲವಾಡಿ ತೆರೆಯುತ್ತಾರೆ, ಕಲಿಸಲು ಓದಿದ ಹೆಣ್ಣುಮಗಳು ಬೇಕು ಎಂದು ಕೇಳಿದಂದಿನಿಂದ ಅವಳಿಗೆ ಬೇರೆ ಧ್ಯಾನವಿಲ್ಲ. ಗ್ರಾಮಸೇವಿಕೆ ಗೋದುಬಾಯಿಯ ಕೈಯಲ್ಲಿ ಅರ್ಜಿ ಕಳಿಸಿ, ಗದ್ದೆಯಲ್ಲಿ ಕಳೆ ಕೀಳುವಾಗಲೂ ಟಪಾಲಿನವನ ದಾರಿ ನೋಡುತ್ತಿದ್ದಳು. ಗಂಡ ಈಶಪ್ಪ, “ಬಂದ್ರ ನೋಡೂಣು” ಎಂದಿದ್ದ. ಬರಲಾರದು ಎಂಬ ಧೈರ್ಯ ಅವನಿಗೆ.

ಒಂದು ಮಧ್ಯಾಹ್ನ ಗೋದುಬಾಯಿ ಸಿಟ್ಟಿನಲ್ಲೇ ಬಂದಳು.

“ಏನವಾ ಈರಕ್ಕ, ಸೋಮವಾರ ಮುಂಡಗೋಡಕ್ಕ ಇಂಟರ್ವ್ಯೂಕ್ಕ ಯಾಕ ಬರಲಿಲ್ಲ?”

“ಕಾಗದಾನ ಬಂದಿಲ್ಲಲ್ರೀ ಅಕ್ಕಾರ.”

“ಕಳಿಸ್ಯಾರ. ಕಾಶೆವ್ವ ಅಂತ ಹೆಸರು ಬರದು ಕಳಿಸ್ಯಾರ.”

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮಹಾದೇವಕ್ಕನ ಕೈ ನಿಂತಿತು.

“ಯವ್ವಾ, ಟಪಾಲಿನಾಂವ ಮನಿಮನಿ ಕೇಳ್ಕೋತ ಬಂದಿದ್ದ. ಆ ಹೆಸರಿನವ್ರು ನಮ್ಮನ್ಯಾಗ ಯಾರೂ ಇಲ್ಲಪಾ ಅಂದೆ.”

ಕಾಶೆವ್ವ ಎಂದರೆ ಈರಕ್ಕನೇ. ಅದು ತವರಿನ ಹೆಸರು, ಶಾಲೆಯ ಸರ್ಟಿಫಿಕೇಟಿನಲ್ಲಿರುವುದೂ ಅದೇ. ಅರ್ಜಿಗೆ ಹಚ್ಚಿದ್ದ ಅದರ ನಕಲು ನೋಡಿ ಆಫೀಸಿನವರು ಆ ಹೆಸರಿಗೇ ಕಾಗದ ಬರೆದಿದ್ದರು. ಮದುವೆಯಲ್ಲಿ ಹೊಸ ಹೆಸರಿಟ್ಟ ಮೇಲೆ ಹಳೆಯ ಹೆಸರಿನಿಂದ ಈ ಮನೆಯಲ್ಲಿ ಯಾರೂ ಕರೆದಿರಲಿಲ್ಲ. ಮುದುಕಿ ಸುಳ್ಳು ಹೇಳಿರಲಿಲ್ಲ ಪಾಪ, ಮರೆತೇಬಿಟ್ಟಿದ್ದಳು.

“ಕೆಲಸ?” ಎಂದಳು ಈರಕ್ಕ.

“ಬ್ಯಾರೆಯವ್ರಿಗೆ ಕೊಟ್ರವಾ.”

ಈರಕ್ಕ ಒಳಗೆ ಹೋಗಿ ಗೋಡೆಗೆ ಮುಖಮಾಡಿ ಕೂತು ಅತ್ತಳು. ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪದ ಹೇಳಿಕೊಡುವುದನ್ನು ಅವಳು ಎಷ್ಟು ಸಲ ಮನಸ್ಸಿನಲ್ಲೇ ನಡೆಸಿದ್ದಳೋ.

“ಹೋಗ್ಲಿ ಬಿಡ್ರಿ,” ಎಂದ ಪಡಸಾಲೆಯಲ್ಲಿ ಕೂತಿದ್ದ ಈಶಪ್ಪ. “ಹೆಣ್ಮಗಳಿಗೆ ನೌಕರಿ ಯಾಕ? ಹೆಸರು ಯಾವುದಾದ್ರೇನು?”

“ನಿಮ್ಮ ಹೊಲದ ಪತ್ರದಾಗ ಬ್ಯಾರೆ ಹೆಸರಿದ್ರ ಸುಮ್ಮನಿರ್ತಿದ್ರೇನು?” ಗೋದುಬಾಯಿ ಕೇಳಿದಳು. “ಆಕಿ ಓದು ಆಕಿ ಆಸ್ತಿ. ಅದು ಆ ಹೆಸರಿನ ಮ್ಯಾಲ ಐತಿ. ಮುಂದಿನ ವರ್ಷ ಬಾಜೂ ಊರಾಗ ಇನ್ನೊಂದು ಬಾಲವಾಡಿ ಆಗೂದೈತಿ. ಅರ್ಜಿಯೊಳಗ ಎರಡೂ ಹೆಸರು ಬರೀರಿ. ಎರಡೂ ಒಬ್ಬಾಕೀವ ಅಂತ ಪಂಚಾಯ್ತಿಯಿಂದ ಬರಸ್ಕೊಂಡು ಅದಕ್ಕ ಹಚ್ಚರಿ.”

ಗೋದುಬಾಯಿ ಮುದುಕಿಯತ್ತ ತಿರುಗಿದಳು.

“ನಿಮ್ಮ ತವರಿನ ಹೆಸರೇನ್ರಿ, ಮಹಾದೇವಕ್ಕ?”

ಮುದುಕಿಗೆ ತಟ್ಟನೆ ನೆನಪಾಗಲಿಲ್ಲ. ನೆನೆಸಿ ನೆನೆಸಿ ಮೆಲ್ಲಗೆ ಹೇಳಿದಳು, “ಶಂಕ್ರವ್ವ. ನಮ್ಮವ್ವ ಸತ್ತ ಮ್ಯಾಲ ಯಾರೂ ಕರದಿಲ್ಲ.”

ಸೆರಗಿನಿಂದ ಕಣ್ಣೊರೆಸಿಕೊಂಡು ಮಗನಿಗೆ ಅಂದಳು, “ಏಳಪಾ. ಪಂಚಾಯ್ತಿ ಚೇರಮನ್ರು ಮನ್ಯಾಗಿರ್ತಾರ, ಹೋಗಿ ಬರಸ್ಕೊಂಡು ಬಾ. ಸೊಸಿ ಹೆಸರು ನಾನ ಕಳದೇನಿ. ಕಾಶೆವ್ವ ಅಂದ್ರ ನಮ್ಮ ಸೊಸೀನ ಅಂತ ಟಪಾಲಿನಾಂವಗ ನಾನ ಹೇಳ್ತೇನಿ.”

ಈಶಪ್ಪ ಎದ್ದು ಅಂಗಿ ತೊಟ್ಟ. ಒಳಗೆ ಇಣುಕಿ, “ಆ ಸರ್ಟಿಫಿಕೇಟ್ ಕೊಡು, ತೋರಿಸಬೇಕಾಗ್ತೈತಿ” ಎಂದ.

ತಾಯಂದಿರೇ, ಅಣ್ಣಂದಿರೇ, ಕಲಿತ ಸೊಸೆ ನಿಮ್ಮ ಮನೆಯಲ್ಲೂ ಇರಬಹುದು. ಅವಳ ಶಾಲೆಯ ದಾಖಲೆ ಜೋಪಾನವಾಗಿಡಿ. ಕೆಲಸಕ್ಕೆ ಅರ್ಜಿ ಹಾಕುವಾಗ ಎರಡೂ ಹೆಸರು ಬರೆಸಿ, ಮನೆಮಂದಿಗೆಲ್ಲ ತಿಳಿಸಿ. ಈರಕ್ಕ ಇನ್ನೊಂದು ವರ್ಷ ದಾರಿ ಕಾಯಬೇಕು. ನಿಮ್ಮ ಸೊಸೆ ಕಾಯುವುದು ಬೇಡ. ಅವಳ ತವರಿನ ಹೆಸರೇನೆಂದು ಈವತ್ತೇ ಕೇಳಿರಿ.