ತತ್ತಿ ತಿಂದವರು

"ಯಾರ ತಿಂದೀರಿ ಇದನ್ನ? ಬಾಯಿ ಬಿಡ್ರಿ. ನನ್ನ ಮನ್ಯಾಗ ತತ್ತಿ ಸಿಪ್ಪಿ ಅಂದ್ರ ಏನು?"

ತಿಪ್ಪೆಯಿಂದ ಬಾಚಿ ತಂದ ಸಿಪ್ಪೆಗಳನ್ನು ಸಂಗವ್ವ ಅಂಗಳಕ್ಕೆ ಎಸೆದಳು. ಅವು ಸೊಸೆ ಇಂದ್ರಾಬಾಯಿಯ ಕಾಲಿಗೆ ಬಡಿದವು. ಮಗ ರೇವಣಪ್ಪ ಬಟ್ಟೆ ಸುತ್ತಿದ ಪಾದ ಚಾಚಿ ಕಟ್ಟೆಯ ಮೇಲೆ ಕೂತಿದ್ದ.

"ನಾಯಿ ತಂದಿರಬೇಕು ಬಿಡವ್ವ."

"ನಾಯಿ ತತ್ತಿ ಕುದಿಸಿ, ಸುಲದು ತಿಂತೈತೇನೋ? ಮಠದ ಅಯ್ಯನೋರಿಗೆ ಗೊತ್ತಾದ್ರ ಈ ಹೊಸ್ತಿಲ ತುಳಿತಾರೇನು?"

ಬೇಸಿಗೆಯಲ್ಲಿ ಅವನ ಪಾದಕ್ಕೆ ಚುಚ್ಚಿದ ಜಾಲಿಮುಳ್ಳಿನ ಗಾಯ ಮಳೆಗಾಲ ಬಂದರೂ ಮಾಯ್ದಿರಲಿಲ್ಲ. ಗಂಡಹೆಂಡತಿ ಯಂಕಂಚಿಯಿಂದ ಮೋಟಾರು ಹಿಡಿದು ವಿಜಾಪುರಕ್ಕೆ ಹೋದರು. ಡಾಕ್ಟರು ಸಕ್ಕರೆ ರೋಗವೆಂದರು. ಬೆಲ್ಲ ಬಿಡು, ರೊಟ್ಟಿ ಅರ್ಧ ಮಾಡು, ಹಸಿವು ತಾಳದಿದ್ದರೆ ತತ್ತಿ ತಿನ್ನು ಅಂದರು. ಅಲ್ಲಿ ಶಿವಶಿವಾ ಅಂದವನು ಊರಿಗೆ ಬಂದ ಮೇಲೆ ತತ್ತಿ ತಂದುಕೊಡೆಂದು ಹೆಂಡತಿಯ ಬೆನ್ನು ಬಿದ್ದ. ಓಣಿಯ ಪೀರಬಿ ಕುದಿಸಿ ಕೊಟ್ಟದ್ದನ್ನು ಇಂದ್ರಾಬಾಯಿ ಸೆರಗಿನಲ್ಲಿ ಮುಚ್ಚಿ ದನದ ಮನೆಗೆ ತರುತ್ತಿದ್ದಳು. ರೇವಣಪ್ಪ ಕೊರಳಿನ ಲಿಂಗ ಬಿಚ್ಚಿ ಅವಳ ಕೈಗೆ ಕೊಡುತ್ತಿದ್ದ. ಅವನು ತಿಂದು ಬಾಯಿ ತೊಳೆಯುವವರೆಗೆ ಅವಳು ಅದನ್ನು ಎದೆಗವಚಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕಿತ್ತು. ಗಾಯ ಒಣಗುತ್ತ ಬಂದಿತ್ತು.

"ಲಿಂಗ ಮುಟ್ಟಿ ಹೇಳೋ," ಎಂದಳು ಸಂಗವ್ವ.

ರೇವಣಪ್ಪ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದ. "ಈ ಲಿಂಗ ಕೊರಳಾಗ ಇದ್ದಾಗ ನಾ ತತ್ತಿ ಮುಟ್ಟಿದ್ರ ನನ್ನ ಕಾಲು ಕೊಳೀಲಿ."

ಮಾತು ಸುಳ್ಳಾಗಿರಲಿಲ್ಲ. ಇಂದ್ರಾಬಾಯಿ ಅವನ ಮುಖ ನೋಡಿದಳು. ಅವನು ಕಾಲಿನ ಬಟ್ಟೆ ಸರಿಮಾಡತೊಡಗಿದ.

"ಹಂಗಾದ್ರ ತಿಂದಾಕಿ ನೀನ."

"ಇಲ್ರಿ ಅತ್ತಿ. ಅವರಿಗೇ ಕೊಟ್ಟೇನಿ. ಲಿಂಗ ನನ್ನ ಕೈಯಾಗ ಇರ್ತಿತ್ತು."

"ಕೇಳಿದೇನೋ? ನಿನ್ನ ಮ್ಯಾಲೆ ಹಾಕಾಕತ್ತಾಳ."

"ಬಸುರಾಗಾಕ ಚೊಲೊ ಅಂತ ಯಾರೋ ಹೇಳಿರಬೇಕು, ತಿಂದಾಳ," ಎಂದ ರೇವಣಪ್ಪ ತಲೆ ಎತ್ತದೆ. "ಆಸಿ ಇರತೈತಲ್ಲ, ಪಾಪ."

ಸಂಗವ್ವ ನಕ್ಕಳು. "ಬಂಜಿ ಹೊಟ್ಟಿಗೆ ಕೋಳಿ ತತ್ತಿ. ಇವತ್ತಿನಿಂದ ನಿನ್ನ ರೊಟ್ಟಿ ದನದ ಮನ್ಯಾಗ. ಒಲಿ ಮುಟ್ಟಿದ್ರ ಕೈ ಸುಡ್ತೇನಿ."

ಇಂದ್ರಾಬಾಯಿ ಗಂಡನ ಹತ್ತಿರ ಹೋಗಿ ನಿಂತಳು. "ನಾಳಿಂದ ನಿಮಗ ಯಾರ ತಂದ ಕೊಡ್ತಾರ್ರಿ?"

"ಸುಮ್ನ ಒಳಗ ಹೋಗ."

ಅವಳು ಒಳಗೆ ಹೋಗಲಿಲ್ಲ. ಉಟ್ಟ ಸೀರೆಯಲ್ಲೇ ಸಿಪ್ಪೆಗಳನ್ನು ತುಳಿದುಕೊಂಡು ಹೊರಬಿದ್ದಳು. ಪೀರಬಿ ಬಾಗಿಲಲ್ಲಿ ನಿಂತು ಕೂಗಿದರೂ ತಿರುಗಲಿಲ್ಲ. ಸಿಂದಗಿಯ ದಾರಿ ಹಿಡಿದಳು.

"ಸಂಜಿಮಟ ಬರ್ತಾಳ. ಎಲ್ಲಿ ಹೋಗ್ತಾಳ," ಎಂದ ರೇವಣಪ್ಪ.

ಮಗನ ಮೇಲಿನ ಸಂಶಯ ಕಳೆಯಿತೆಂದು ಸಂಗವ್ವ ಮಾದಲಿ ಮಾಡಿದಳು. ಬೆಲ್ಲಕ್ಕೆ ಕೈ ಹಿಡಿಯಲಿಲ್ಲ. ತಾಟಿನ ತುಂಬ ಹಾಕಿ ಎದುರಿಗೆ ಕೂತಳು.

"ಸಾಕವ್ವ. ಡಾಕ್ಟರ ಸೀ ಬ್ಯಾಡಂದಾರ."

"ಅದೇ ಡಾಕ್ಟರ ತತ್ತಿನೂ ತಿನ್ನಂದಾನೇನು?"

ರೇವಣಪ್ಪ ತಾಯಿಯ ಮುಖ ನೋಡಿದ. ಆಮೇಲೆ ತಿನ್ನತೊಡಗಿದ. ಹೊತ್ತು ಮುಳುಗಿತು. ಇಂದ್ರಾಬಾಯಿಯ ಕೈಗಷ್ಟೇ ಹಾಲು ಕೊಡುವ ಎಮ್ಮೆ ದನದ ಮನೆಯಲ್ಲಿ ಒಂದೇ ಸವನೆ ಒದರುತ್ತಿತ್ತು. ಸಂಗವ್ವ ಅವನ ತಾಟಿಗೆ ಇನ್ನಷ್ಟು ಹಾಕಿದಳು.